41ರಲ್ಲಿ ಗೆದ್ದವನಿಗೆ ತಂಡ ಯಾಕೆ ಸಿಗಲಿಲ್ಲ?

ಓದುಗರ ಪ್ರಶ್ನೆ: ಸೈಕಲ್ ರೇಸಿನಲ್ಲಿ ಮೂವತ್ತೆಂಟು, ನಲವತ್ತು ದಾಟಿದವರು ಯಾರಾದರೂ ಗೆದ್ದರೆ ಸಾಕು, ‘ಏನೋ ತಗೊಂಡಿದ್ದಾನೆ’ ಅಂತಾರೆ. ಪರೀಕ್ಷೆಯಲ್ಲಿ ಸಿಕ್ಕಿಬೀಳದಿದ್ದರೂ ಅಂಥವರ ಕಥೆ ಅಲ್ಲಿಗೆ ಮುಗಿದ ಹಾಗೇನಾ? — ಕಾರವಾರದ ಓದುಗರೊಬ್ಬರು

ಈ ಪ್ರಶ್ನೆಗೂ ಮಳೆಗಾಲಕ್ಕೂ ಏನೋ ನಂಟಿದೆ. ಜುಲೈ ತಿಂಗಳು, ಹೊರಗೆ ಜಡಿಮಳೆ, ಸೈಕಲ್ ಜಗಲಿಯಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ, ಒಳಗೆ ನಾವೆಲ್ಲ ಟೂರ್ ಡಿ ಫ್ರಾನ್ಸ್ ನೋಡುತ್ತ ಕೂತಿರುತ್ತೇವೆ. ಆಗಲೇ ಹೀಗೆ ಕೇಳುವವರು ಜಾಸ್ತಿ. ಕಾರವಾರದವರಾದ ನೀವು ಬೆಳಿಗ್ಗೆ ಟ್ಯಾಗೋರ್ ಕಡಲತೀರದ ಪಕ್ಕ ಸಪಾಟು ರಸ್ತೆಯಲ್ಲಿ ತುಳಿಯುವವರಿರಬೇಕು. ಶಿರಸಿಯವನಾದ ನನಗೆ ಆ ಭಾಗ್ಯ ಇಲ್ಲ, ಮನೆಯಿಂದ ಹೊರಟರೆ ಇಳುಕಲು, ವಾಪಸ್ ಬರುವಾಗ ಏರು.

ಚಿಕ್ಕ ಉತ್ತರ ಬೇಕಿದ್ದರೆ ಇಷ್ಟು: ವೃತ್ತಿ ಮುಗಿಯುವುದಿಲ್ಲ, ಬೆಲೆ ಬೀಳುತ್ತದೆ. ಬೀಳಿಸುವವರು ಸಂಬಳ ಕೊಡುವ ತಂಡದವರು. ಅದಕ್ಕೆ ಅವರಿಗೆ ಲ್ಯಾಬಿನ ವರದಿಯೂ ಬೇಡ, ನ್ಯಾಯಮಂಡಳಿಯ ತೀರ್ಪೂ ಬೇಡ. ಉದ್ದ ಉತ್ತರಕ್ಕೆ ಅಮೆರಿಕದ ಕ್ರಿಸ್ ಹಾರ್ನರ್‌ನ ಕಥೆ ಹೇಳಬೇಕಾಗುತ್ತದೆ.

2013ರ ಸೆಪ್ಟೆಂಬರ್. ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ಸ್ಪೇನಿನ ವುವೆಲ್ಟಾ ರೇಸಿನ 20ನೆಯ ಹಂತ, ಆಂಗ್ಲಿರು ಪರ್ವತ. ಕೆಲವು ಕಡೆ ಏರು ಶೇ 20ಕ್ಕೂ ಮೀರುವ ರಸ್ತೆ ಅದು. ಅಲ್ಲಿಗೆ ಬರುವಾಗ ಹಾರ್ನರ್ ಎಲ್ಲ ಹಂತಗಳ ಹೊತ್ತು ಕೂಡಿಸಿದ ಒಟ್ಟು ಲೆಕ್ಕದಲ್ಲಿ ಬರೀ 3 ಸೆಕೆಂಡ್ ಮುಂದಿದ್ದ. ಬೆನ್ನಿಗಿದ್ದವನು ಇಟಲಿಯ ವಿಂಚೆಂಜೊ ನಿಬಾಲಿ, ವಯಸ್ಸು 28, ಅದೇ ವರ್ಷದ ಮೇ ತಿಂಗಳಲ್ಲಿ ಜಿರೊ ಡಿ ಇಟಾಲಿಯಾ ಗೆದ್ದು ಬಂದಿದ್ದವನು. ನಿಬಾಲಿ ಮೇಲಿಂದ ಮೇಲೆ ಓಟ ಕಿತ್ತ. ಹಾರ್ನರ್ ಸೀಟಿನಿಂದ ಎದ್ದು ನಿಂತು ತುಳಿಯುವವ, ಹಾಗೇ ನಿಂತುಕೊಂಡೇ ಪ್ರತಿ ಸಲ ಹಿಡಿದುಹಾಕಿದ. ಕೊನೆಗೆ ಮಂಜಿನೊಳಗೆ ನಿಬಾಲಿಯೇ ಹಿಂದೆ ಬಿದ್ದ. ಮೂರು ವಾರದ ರೇಸು ಮುಗಿದಾಗ ಅಂತರ 37 ಸೆಕೆಂಡ್. ಹಾರ್ನರ್‌ಗೆ 42 ತುಂಬಲು ಆರು ವಾರವೂ ಬಾಕಿ ಇರಲಿಲ್ಲ. ಟೂರ್ ಡಿ ಫ್ರಾನ್ಸಿನ ಅತಿ ಹಿರಿಯ ವಿಜೇತ 1922ರ ಫಿರ್ಮಾಂ ಲಾಂಬೊ, ಅವನಿಗೇ 36. ಟೂರ್, ಜಿರೊ, ವುವೆಲ್ಟಾ ಈ ಮೂರಕ್ಕೆ ಗ್ರ್ಯಾಂಡ್ ಟೂರ್ ಅನ್ನುತ್ತಾರೆ. ಯಾವುದೇ ಗ್ರ್ಯಾಂಡ್ ಟೂರನ್ನು ಇಷ್ಟು ವಯಸ್ಸಿನಲ್ಲಿ ಗೆದ್ದವರು ಹಿಂದೆ ಯಾರೂ ಇರಲಿಲ್ಲ.

ಕಾಲ ಬೇರೆ ಕೆಟ್ಟದಿತ್ತು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಪ್ರಶಸ್ತಿಗಳನ್ನು ಉದ್ದೀಪನ ಮದ್ದಿನ ಕಾರಣಕ್ಕೆ ಕಿತ್ತುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅದೇ ಜನವರಿಯಲ್ಲಿ ಅವನು ಟೀವಿಯಲ್ಲಿ ತಪ್ಪೊಪ್ಪಿಕೊಂಡಿದ್ದ. ಹಾರ್ನರ್ ಅವನ ಜತೆ ಒಂದೇ ತಂಡದಲ್ಲಿ ಓಡಿದವ. ಇಷ್ಟು ಸಾಲದೇ?

ಸಾಲದು ಎಂಬಂತೆ ಗೆದ್ದ ಮರುದಿನ ಬೆಳಿಗ್ಗೆ ಮ್ಯಾಡ್ರಿಡ್‌ನಲ್ಲಿ ಇನ್ನೊಂದು ರಾಮಾಯಣ. ಈ ಮಟ್ಟದ ಸವಾರರು ವರ್ಷದ ಪ್ರತಿ ದಿನವೂ ಮದ್ದಿನ ಪರೀಕ್ಷೆಗೆ ತಾವೆಲ್ಲಿ ಸಿಗುತ್ತೇವೆ ಅಂತ ಮೊದಲೇ ಬರೆದುಕೊಡಬೇಕು, ದಿನಕ್ಕೆ 60 ನಿಮಿಷ ಅಲ್ಲೇ ಇರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಮದ್ದು ಸಿಕ್ಕದಿದ್ದರೂ ನಿಷೇಧ. ಅವತ್ತು ಪರೀಕ್ಷೆಯವರು ತಂಡದ ಹೋಟೆಲಿಗೆ ಹೋದರು. ಹಾರ್ನರ್ ಹೆಂಡತಿ ಜತೆ ಬೇರೆ ಹೋಟೆಲಿನಲ್ಲಿದ್ದ. ಜಾಗ ಬದಲಾಯಿಸಿದ್ದನ್ನು ಮೊದಲೇ ತಿಳಿಸಿದ್ದಾನೆ ಎಂದು ತಂಡ ಹೇಳಿತು, ಅವನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಆದರೆ ಅಷ್ಟರೊಳಗೆ ಸುದ್ದಿ ಊರೆಲ್ಲ ಸುತ್ತಿಯಾಗಿತ್ತು.

ಹಾರ್ನರ್ ಆಮೇಲೆ ಮಾಡಿದ ಕೆಲಸ ಅಪರೂಪದ್ದು. 2008ರಿಂದ 2013ರವರೆಗಿನ ತನ್ನ ಬಯಾಲಾಜಿಕಲ್ ಪಾಸ್‌ಪೋರ್ಟಿನ ಅಂಕಿಗಳನ್ನು ತಾನೇ ಸಾರ್ವಜನಿಕವಾಗಿ ಇಟ್ಟ. ನೋಡಿಕೊಳ್ಳಿ ಅಂದ.

ಈ ಪಾಸ್‌ಪೋರ್ಟ್ ಅಂದರೆ ಏನು ಅಂತ ಹೇಳದೆ ಮುಂದೆ ಹೋದರೆ ಪ್ರಯೋಜನ ಇಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2008ರಲ್ಲಿ ಶುರು ಮಾಡಿದ್ದು. ಅದಕ್ಕೆ ಮುಂಚೆ ಪರೀಕ್ಷೆ ಅಂದರೆ ಹೆಚ್ಚಾಗಿ ರಕ್ತದಲ್ಲೋ ಮೂತ್ರದಲ್ಲೋ ಮದ್ದು ಹುಡುಕುವುದು. ಮದ್ದು ಒಂದೆರಡು ದಿನದಲ್ಲಿ ಕರಗಿ ಹೋದರೆ ಕಳ್ಳ ಪಾರು. ಪಾಸ್‌ಪೋರ್ಟ್ ಹುಡುಕುವುದು ಮದ್ದನ್ನಲ್ಲ, ಮದ್ದು ಬಿಟ್ಟುಹೋದ ಗುರುತನ್ನು. ವರ್ಷಗಟ್ಟಲೆ ಒಬ್ಬನದೇ ರಕ್ತ ತೆಗೆದು ಎರಡು ಸಂಗತಿ ಮುಖ್ಯವಾಗಿ ನೋಡುತ್ತಾರೆ: ಹಿಮೋಗ್ಲೋಬಿನ್ ಎಷ್ಟಿದೆ, ಮೂಳೆಮಜ್ಜೆಯಿಂದ ಆಗಷ್ಟೇ ಹೊರಬಂದ ಎಳೆ ಕೆಂಪುಕಣ ಎಷ್ಟಿವೆ. ಕೆಂಪುಕಣ ಹೆಚ್ಚಿಸುವ ಇಪಿಒ ಚುಚ್ಚಿಕೊಂಡರೆ ಎಳೆ ಕಣಗಳು ಏಕಾಏಕಿ ಹೆಚ್ಚುತ್ತವೆ. ತನ್ನದೇ ರಕ್ತ ಚೀಲದಲ್ಲಿಟ್ಟು ರೇಸಿಗೆ ಮುಂಚೆ ವಾಪಸ್ ಏರಿಸಿಕೊಂಡರೆ ಉಲ್ಟಾ. ಮೈಯಲ್ಲಿ ರಕ್ತ ಬೇಕಾದಷ್ಟಿದೆ ಅಂತ ಮಜ್ಜೆ ಕೆಲಸ ನಿಧಾನ ಮಾಡುತ್ತದೆ, ಹಿಮೋಗ್ಲೋಬಿನ್ ಮೇಲಿದ್ದರೂ ಎಳೆ ಕಣ ಕಡಿಮೆಯಾಗುತ್ತವೆ. ಮೂರು ವಾರದ ರೇಸಿನಲ್ಲಿ ದಣಿದವನ ಹಿಮೋಗ್ಲೋಬಿನ್ ಸಹಜವಾಗಿ ಇಳಿಯಬೇಕು. ಇಳಿಯದಿದ್ದರೆ ತಜ್ಞರು ಹುಬ್ಬು ಏರಿಸುತ್ತಾರೆ.

ಹಾರ್ನರ್‌ನ ಅಂಕಿಗಳನ್ನು ನೋಡಿ ಹುಬ್ಬು ಏರಿಸಿದವರೂ ಇದ್ದರು, ಏನೂ ಇಲ್ಲ ಅಂದವರೂ ಇದ್ದರು. ಒಕ್ಕೂಟ ಪ್ರಕರಣ ಹೂಡಲಿಲ್ಲ. ಅವನು ಯಾವತ್ತೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನಲ್ಲ, ಶಿಕ್ಷೆಯಾದವನೂ ಅಲ್ಲ. ಹಾಗಿದ್ದೂ ಅವನ ತಂಡ ಹೆಸರು ಬದಲಿಸಿಕೊಂಡು ಮುಂದಿನ ವರ್ಷಕ್ಕೆ ಹೋಗುವಾಗ ಅವನನ್ನು ಕರೆದೊಯ್ಯಲಿಲ್ಲ. ಗ್ರ್ಯಾಂಡ್ ಟೂರ್ ಗೆದ್ದವನು ಮುಂದಿನ ವರ್ಷಕ್ಕೆ ತಂಡ ಸಿಗದೆ ನಾಲ್ಕು ತಿಂಗಳು ಕಾದ. 2014ರ ಜನವರಿ ಕೊನೆಗೆ ಇಟಲಿಯ ಲ್ಯಾಂಪ್ರೆ ತಂಡ ಕರೆಯಿತು. ವಯಸ್ಸು ಎಷ್ಟು ಕಾರಣ, ಸಂಬಳದ ಲೆಕ್ಕ ಎಷ್ಟು, ಅನುಮಾನ ಎಷ್ಟು ಅಂತ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಬಹುಶಃ ತಂಡದವರೂ ಬೇರ್ಪಡಿಸಿ ನೋಡಿರಲಿಕ್ಕಿಲ್ಲ.

ಶಿರಸಿಯ ಅಡಿಕೆ ಟೆಂಡರ್ ನೋಡಿದವರಿಗೆ ಇದು ಸುಲಭಕ್ಕೆ ಅರ್ಥವಾಗುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಅಪ್ಪಯ್ಯನ ಜತೆ ಹೋಗಿದ್ದೆ. ಒಣಗಿಸಿದ ನಮ್ಮ ಚಾಲಿ ಅಡಿಕೆ ಗುಡ್ಡೆ ಹಾಕಿತ್ತು. ವ್ಯಾಪಾರಿಯೊಬ್ಬರು ಬಂದು ಬೊಗಸೆಯಲ್ಲಿ ಎತ್ತಿ, ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಿಳಿ ನೋಡಿ, ಮೂಗಿನ ಹತ್ತಿರ ಹಿಡಿದು, ವಾಪಸ್ ಗುಡ್ಡೆಗೆ ಬಿಸಾಕಿದರು. ಮಾತಿಲ್ಲ. ಚೀಟಿಯಲ್ಲಿ ಬಂದ ದರ ಪಕ್ಕದ ಗುಡ್ಡೆಗಿಂತ ಕಡಿಮೆ. ‘ತೇವ ಇತ್ತು ಅಂತ ಕಂಡಿರ್ಬೇಕು’ ಅಂದರು ಅಪ್ಪಯ್ಯ. ತೇವ ಇರಲಿಲ್ಲ, ಅಂಗಳದಲ್ಲಿ ಎಷ್ಟು ದಿನ ಒಣಗಿಸಿದ್ದೆವು ಅಂತ ನನಗೆ ಗೊತ್ತು, ಮೋಡ ಬಂದಾಗೆಲ್ಲ ಎತ್ತಿಟ್ಟವನು ನಾನೇ. ಆದರೆ ಯಾರ ಹತ್ತಿರ ವಾದ ಮಾಡುವುದು? ತೇವ ಇದೆ ಅಂತ ಅವರು ಸಾಬೀತು ಮಾಡಬೇಕಾಗಿರಲಿಲ್ಲ, ಕಡಿಮೆ ಬರೆದರೆ ಸಾಕಾಗಿತ್ತು. ಕೊಂಡ ಮೇಲೆ ಬೂಸ್ಟು ಹಿಡಿದರೆ ನಷ್ಟ ಅವರದ್ದು. ಸೈಕಲ್ ತಂಡದ ಮ್ಯಾನೇಜರ್ ಸಹ ಹಾಗೇ ಯೋಚಿಸುತ್ತಾನೆ. ನಾಳೆ ಏನಾದರೂ ಹೊರಬಿದ್ದರೆ ಪ್ರಾಯೋಜಕರು ಕೈಬಿಡುತ್ತಾರೆ, ತಂಡವೇ ಮುಚ್ಚುತ್ತದೆ. ಅದೇ ದುಡ್ಡಿಗೆ ಇಪ್ಪತ್ತೆರಡರ ಹುಡುಗ ಸಿಗುತ್ತಾನೆ. 2019ರಲ್ಲಿ ಎಗನ್ ಬರ್ನಾಲ್ 22ಕ್ಕೇ ಟೂರ್ ಗೆದ್ದ, ಮರುವರ್ಷ ಪೊಗಾಚಾರ್ ಇನ್ನೂ 21ಕ್ಕೆ. ಆಮೇಲಂತೂ ಎಲ್ಲ ತಂಡಗಳ ಕಣ್ಣು ಮೀಸೆ ಚಿಗುರುವವರ ಮೇಲೇ.

ಹಾಗಾದರೆ ನಲವತ್ತರ ಗೆಲುವು ದೇಹಕ್ಕೆ ಸಾಧ್ಯವೇ ಇಲ್ಲವಾ? ಇದೆ. ಮೂವತ್ತು ದಾಟಿದ ಮೇಲೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಇಳಿಯುತ್ತ ಹೋಗುತ್ತದೆ, ಎದೆಬಡಿತದ ಮೇಲ್ಮಿತಿಯೂ ಇಳಿಯುತ್ತದೆ. ತರಬೇತಿ ಬಿಡದವರಲ್ಲಿ ಈ ಇಳಿಕೆ ನಿಧಾನ. ಮೊದಲು ಹೋಗುವುದು ಚುರುಕು, ದಮ್ಮು ಆಮೇಲೆ. ನಿಜವಾಗಿ ಕೈಕೊಡುವುದು ಮರುದಿನ. ಕುಮಟಾದಿಂದ ಬರುವಾಗ ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟದ ಏರು ಶುರುವಾಗುತ್ತದಲ್ಲ, ನಲವತ್ತೇಳರ ನಾನು ಅದನ್ನು ಒಂದು ದಿನ ಹತ್ತು ವರ್ಷದ ಹಿಂದಿನಷ್ಟೇ ಹೊತ್ತಿನಲ್ಲಿ ಹತ್ತಬಲ್ಲೆ. ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕು. ಮೂರು ವಾರದ ರೇಸೆಂದರೆ ಇಪ್ಪತ್ತೊಂದು ಹಂತ, ನಡುವೆ ಎರಡು ದಿನ ವಿಶ್ರಾಂತಿ. ವಯಸ್ಸಾದ ಸವಾರನಿಗೆ ಮದ್ದಿನ ಆಸೆ ಹುಟ್ಟುವುದಾದರೆ ಇಲ್ಲಿ, ಈ ಮರುದಿನದ ಬೆಳಿಗ್ಗೆ. ಟೆಸ್ಟೊಸ್ಟೆರಾನ್, ಕಾರ್ಟಿಸೋನ್ ಮುಂತಾದವುಗಳ ಕಡೆಗೆ ಕೈ ಚಾಚುವುದು ಸುಸ್ತು ಕಳೆಯಲು. ನೋವು ಮರೆಸುವ ಟ್ರಮಡಾಲ್ ಮಾತ್ರೆಯನ್ನು ಸೈಕ್ಲಿಂಗ್ ಒಕ್ಕೂಟ 2019ರಲ್ಲಿ ರೇಸಿನಿಂದ ಹೊರಗಿಟ್ಟಿತು, 2024ರಿಂದ ಎಲ್ಲ ಕ್ರೀಡೆಗಳ ಸ್ಪರ್ಧೆಯಲ್ಲೂ ನಿಷೇಧ.

ಅನುಮಾನ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ, ಇದು ನನ್ನ ಗಮನಕ್ಕೆ ಬಂದದ್ದು. 2024ರಲ್ಲಿ ಮಾರ್ಕ್ ಕ್ಯಾವೆಂಡಿಶ್ 39ನೆಯ ವಯಸ್ಸಿಗೆ ಟೂರ್‌ನಲ್ಲಿ 35ನೆಯ ಹಂತ ಗೆದ್ದು ದಾಖಲೆ ಬರೆದಾಗ ಜನ ಕಣ್ಣೀರು ಹಾಕಿದರು. ಅವನು ಸ್ಪ್ರಿಂಟರ್, ಗೆಲುವು ಕೊನೆಯ ಕೆಲವು ಸೆಕೆಂಡಿನದ್ದು. ಘಟ್ಟ ಹತ್ತುವವನ ಕಥೆ ಹಾಗಲ್ಲ. ಏರಿನ ಎತ್ತರ, ಸವಾರನ ತೂಕ, ತೆಗೆದುಕೊಂಡ ಹೊತ್ತು ಗೊತ್ತಿದ್ದರೆ ಎಷ್ಟು ವ್ಯಾಟ್ ಶಕ್ತಿ ಹಾಕಿ ತುಳಿದ ಅಂತ ಮನೆಯಲ್ಲಿ ಕೂತು ಯಾರು ಬೇಕಾದರೂ ಅಂದಾಜು ಹಾಕಬಹುದು. ಲೆಕ್ಕ ಬರುವವರಿಗೆಲ್ಲ ಅನುಮಾನವೂ ಬರುತ್ತದೆ.

ಈಗ ಎದುರಿನ ಉದಾಹರಣೆ. ಸ್ಪೇನಿನ ಅಲೆಹಾಂಡ್ರೊ ವಾಲ್ವೆರ್ಡೆ. 2006ರಲ್ಲಿ ಸ್ಪೇನ್ ಪೊಲೀಸರು ವೈದ್ಯನೊಬ್ಬನ ಜಾಗದಲ್ಲಿ ಸಾಲು ಸಾಲು ರಕ್ತದ ಚೀಲ ಹಿಡಿದರು, ಆಪರೇಷನ್ ಪುಯೆರ್ಟೊ ಎಂಬ ಪ್ರಕರಣ ಅದು. 2008ರ ಟೂರ್ ಇಟಲಿಯೊಳಗೆ ಹೊಕ್ಕಾಗ ಅಲ್ಲಿನವರು ವಾಲ್ವೆರ್ಡೆಯ ರಕ್ತ ತೆಗೆದು, 18ನೆಯ ನಂಬರಿನ ಚೀಲದ ಡಿಎನ್‌ಎ ಜತೆ ಹೋಲಿಸಿದರು. ತಾಳೆಯಾಯಿತು. 2010ರ ಜನವರಿಯಿಂದ ಲೆಕ್ಕ ಹಿಡಿದು ಎರಡು ವರ್ಷ ನಿಷೇಧ. 2012ರಲ್ಲಿ ವಾಪಸ್ ಬಂದ ತಿಂಗಳೇ ಆಸ್ಟ್ರೇಲಿಯಾದಲ್ಲಿ ಒಂದು ಹಂತ ಗೆದ್ದ. 2017ರಲ್ಲಿ ಮಂಡಿಚಿಪ್ಪು ಒಡೆದುಕೊಂಡ. 2018ರಲ್ಲಿ 38ಕ್ಕೆ ವಿಶ್ವ ಚಾಂಪಿಯನ್. 42ರವರೆಗೂ ಮೊವಿಸ್ಟಾರ್ ತಂಡದಲ್ಲೇ ಓಡಿ 2022ರಲ್ಲಿ ಮೆರವಣಿಗೆಯಂಥ ಬೀಳ್ಕೊಡುಗೆ ಪಡೆದ. ಶಿಕ್ಷೆಯಾದವನಿಗೆ ಹತ್ತು ವರ್ಷದ ಕೆಲಸ, ಶಿಕ್ಷೆಯೇ ಆಗದವನಿಗೆ ತಂಡಕ್ಕಾಗಿ ನಾಲ್ಕು ತಿಂಗಳ ಕಾಯುವಿಕೆ!

ಎಂತ ನ್ಯಾಯ ಮಾರಾಯ್ರೆ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಆದರೆ ವಾಲ್ವೆರ್ಡೆ ಸಿಕ್ಕಿಬಿದ್ದಾಗ ಮೂವತ್ತರ ಆಸುಪಾಸಿನವ, ಶಿಕ್ಷೆ ಮುಗಿದಾಗಲೂ ಕಾಲಿನಲ್ಲಿ ಕಸುವಿತ್ತು. ತವರು ತಂಡ ಕಾದು ಕೂತಿತ್ತು, ದೇಶದ ಜನ ಜತೆಗಿದ್ದರು. ಹಾರ್ನರ್‌ಗೆ ಇದ್ಯಾವುದೂ ಇರಲಿಲ್ಲ. ಈಗಿನ ನಿಯಮದಲ್ಲಂತೂ ಬೇಕೆಂದೇ ಮದ್ದು ತೆಗೆದುಕೊಂಡವರಿಗೆ ನಾಲ್ಕು ವರ್ಷ. ಇಪ್ಪತ್ತನಾಲ್ಕರವನಿಗೆ ಅದು ಶಿಕ್ಷೆ, ಮೂವತ್ತಾರರವನಿಗೆ ನಿವೃತ್ತಿ ಪತ್ರ.

ಲ್ಯಾಂಪ್ರೆ ಸೇರಿದ ಮೇಲಿನ ಹಾರ್ನರ್‌ನ ಕಥೆಯೂ ಸ್ವಲ್ಪ ಇದೆ. 2014ರ ಏಪ್ರಿಲ್‌ನಲ್ಲಿ ಇಟಲಿಯ ಸುರಂಗವೊಂದರಲ್ಲಿ ಅಭ್ಯಾಸ ಮಾಡುವಾಗ ಕಾರು ಗುದ್ದಿ ಪಕ್ಕೆಲುಬು ಮುರಿಯಿತು, ಶ್ವಾಸಕೋಶಕ್ಕೆ ಪೆಟ್ಟಾಯಿತು. ಜುಲೈಯಲ್ಲಿ ಟೂರ್ ಓಡಿ 17ನೆಯವನಾದ. ಆಗಸ್ಟ್‌ನಲ್ಲಿ ವುವೆಲ್ಟಾ ಪ್ರಶಸ್ತಿ ಉಳಿಸಿಕೊಳ್ಳಲು ಸ್ಪೇನಿಗೆ ಹೋದರೆ, ಹೊರಡುವ ಮುನ್ನಾದಿನ ರಕ್ತದಲ್ಲಿ ಕಾರ್ಟಿಸೋಲ್ ಕಡಿಮೆ ಬಂತು. ಎದೆಯ ಸೋಂಕಿಗೆ ಅನುಮತಿ ಪಡೆದೇ ಕಾರ್ಟಿಸೋನ್ ನುಂಗಿದ್ದ, ಅದರಿಂದ ಮೈ ತಾನೇ ತಯಾರಿಸುವ ಕಾರ್ಟಿಸೋಲ್ ಇಳಿಯುತ್ತದೆ. ಒಕ್ಕೂಟದ ನಿಯಮದಲ್ಲಿ ಓಡಬಹುದಿತ್ತು. ಆದರೆ ಅವನ ತಂಡ ಇನ್ನೂ ಬಿಗಿ ನಿಯಮದ ಒಂದು ಸ್ವಯಂಪ್ರೇರಿತ ಕೂಟದ ಸದಸ್ಯ. ಕೂಟದ ನಿಯಮದಂತೆ ಅವನನ್ನು ಇಳಿಸುವಂತಿರಲಿಲ್ಲ. ಕಳೆದ ವರ್ಷದ ವಿಜೇತ ಬ್ಯಾಗು ಕಟ್ಟಿಕೊಂಡು ವಾಪಸ್. ಮುಂದಿನೆರಡು ವರ್ಷ ಅಮೆರಿಕದ ಸಣ್ಣ ತಂಡಗಳಲ್ಲಿ ಓಡಿದ, ನಲವತ್ತೈದರ ಹತ್ತಿರದವರೆಗೂ.

ಇದಕ್ಕಿಂತ ದೂರ ಹೋದವನು ಇಟಲಿಯ ದಾವಿದೆ ರೆಬೆಲ್ಲಿನ್. ಬೀಜಿಂಗ್ ಒಲಿಂಪಿಕ್ಸಿನ ಬೆಳ್ಳಿ ಪದಕ ಮದ್ದಿನ ಕಾರಣಕ್ಕೆ ವಾಪಸ್ ಹೋಯಿತು, ಎರಡು ವರ್ಷ ನಿಷೇಧವಾಯಿತು. ಹಿಂದಿರುಗಿದ ಮೇಲೆ ದೊಡ್ಡ ತಂಡ ಯಾವುದೂ ಬಾಗಿಲು ತೆರೆಯಲಿಲ್ಲ. 2015ರಲ್ಲಿ ಇಟಲಿಯ ನ್ಯಾಯಾಲಯ ಖುಲಾಸೆ ಮಾಡಿದ ಮೇಲೂ ಇಲ್ಲ. ಅವನು ಸಣ್ಣ ಸಣ್ಣ ತಂಡಗಳಲ್ಲಿ 2022ರವರೆಗೆ, 51ರ ವಯಸ್ಸಿನವರೆಗೆ ಓಡಿದ. ಕೊನೆಯ ರೇಸು ಅಕ್ಟೋಬರ್‌ನಲ್ಲಿ. ನವೆಂಬರ್ 30ರಂದು ಅಭ್ಯಾಸಕ್ಕೆ ಹೋದಾಗ ಲಾರಿ ಬಡಿದು ತೀರಿಕೊಂಡ.

ಇನ್ನು ನೀವು ಪತ್ರದ ಕೊನೆಗೆ ಕೇಳಿದ್ದು: ನಂಬಬೇಕಾ ಬೇಡವಾ? ನಾನು ವಿಜೇತರ ಪಟ್ಟಿ ನೋಡುತ್ತೇನೆ. ಟೂರ್ ಡಿ ಫ್ರಾನ್ಸಿನ ಪಟ್ಟಿಯಲ್ಲಿ 1999ರಿಂದ 2005ರವರೆಗೆ ಆರ್ಮ್‌ಸ್ಟ್ರಾಂಗ್ ಗೆದ್ದಿದ್ದ ಏಳು ಸಾಲು ಖಾಲಿ, ಎರಡನೆಯವನಿಗೂ ಕೊಡಲಿಲ್ಲ. ವುವೆಲ್ಟಾದ ಪಟ್ಟಿಯಲ್ಲಿ 2013ರ ಎದುರು ಹಾರ್ನರ್‌ನ ಹೆಸರಿದೆ. ಹಳೆಯ ಮಾದರಿಗಳ ಮೇಲೆ ಪ್ರಕರಣ ಹೂಡಲು ಇರುವ ಹತ್ತು ವರ್ಷದ ಗಡುವು 2023ರ ಸೆಪ್ಟೆಂಬರ್‌ಗೆ ದಾಟಿಹೋಯಿತು. ಆಂಗ್ಲಿರುವಿನ ಆ ಮಂಜಿನ ವಿಡಿಯೊ ಈಗಲೂ ವರ್ಷಕ್ಕೊಮ್ಮೆ ನೋಡುತ್ತೇನೆ. ನಿಬಾಲಿ ಹಿಂದೆ ಬೀಳುವ ಜಾಗ ಬಂದಾಗ ಈಗಲೂ ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗುತ್ತೇನೆ, ಮತ್ತೆ ಹಾರ್ನರ್‌ನ ವ್ಯಾಟ್ ಎಷ್ಟಿರಬಹುದು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ.