ಕೀಬೋರ್ಡೇ ಇಲ್ದಿರೋ ಆಲ್ಟೇರ್ ಅದ್ಹೇಗೆ ಕಂಪ್ಯೂಟರ್ ಆಗತ್ತೆ?

ಆಲ್ಟೇರ್ 8800 ಬಗ್ಗೆ ಬಾಯ್ಬಿಟ್ರೆ ಸಾಕು, ಈ ಪ್ರಶ್ನೆ ಬಂದೇ ಬರತ್ತೆ. ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ಇಲ್ಲ, ಇವತ್ತು ಪೂರ್ತಿ ಬಿಡಿಸಿ ಹೇಳ್ತೀನಿ.

ಈ ಮೆಷಿನ್ 1975ರ ಜನವರಿ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂತು, ಅಮೆರಿಕದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಅವರ ಮಿಟ್ಸ್ ಕಂಪನಿದು, ಕಿಟ್ ತರಿಸ್ಕೊಂಡು ಮನೇಲೇ ಸೋಲ್ಡರ್ ಮಾಡ್ಕೋಬೇಕಿತ್ತು, ಇಷ್ಟು ಗೊತ್ತಿರೋದೇ. ಆದ್ರೆ "ಅದು ಬರೀ ಲೈಟ್ ಮಿಣುಕಿಸೋ ಡಬ್ಬ" ಅಂತ ಹೇಳ್ತಾರಲ್ಲ, ಅದು ಶುದ್ಧ ತಪ್ಪು. ಒಳಗೆ ಲೆಕ್ಕ ಮಾಡೋ ಚಿಪ್ ಇಂಟೆಲ್ 8080 ಇದೆ, 256 ಬೈಟ್ ಮೆಮೊರಿ ಇದೆ, ಒಂದು ಬೈಟ್ ಅಂದ್ರೆ ಎಂಟು 0 ಅಥವಾ 1. ಮುಂದಿನ ಸ್ವಿಚ್ಚುಗಳೇ ಅದರ ಕೀಬೋರ್ಡು, ದೀಪಗಳೇ ಸ್ಕ್ರೀನು.

5ಕ್ಕೆ 8 ಕೂಡಿಸ್ಬೇಕು ಅನ್ಕೊಳ್ಳಿ. ಮೊದಲನೇ ಆದೇಶ "ಮೆಮೊರಿಯಿಂದ ಸಂಖ್ಯೆ ಎತ್ಕೋ", ಅದರ ಕೋಡ್ 00111010. ಎಂಟು ಸ್ವಿಚ್ ತಗೊಂಡು ಕೆಳಗೆ, ಕೆಳಗೆ, ಮೇಲೆ, ಮೇಲೆ, ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಇಟ್ಟು (ಕೆಳಗೆ ಅಂದ್ರೆ 0, ಮೇಲೆ ಅಂದ್ರೆ 1) ಮೆಮೊರಿಗೆ ತುಂಬೋ ಡಿಪಾಸಿಟ್ ಸ್ವಿಚ್ ಒತ್ತಿದ್ರೆ ಒಂದು ಬೈಟ್ ಒಳಗೆ ಹೋಯ್ತು. ಹಿಂಗೇ 14 ಬೈಟ್ ತುಂಬಿ, 5ನ್ನ ಮೆಮೊರಿಯ 128ನೇ ಜಾಗದಲ್ಲಿ, 8ನ್ನ 129ರಲ್ಲಿ ಇಟ್ಟು, ರನ್ ಮಾಡಿ, ನಿಲ್ಲಿಸಿ, ಎಕ್ಸಾಮಿನ್ ಸ್ವಿಚ್ ಒತ್ತಿ 130ನೇ ಜಾಗದಲ್ಲಿ ಏನಿದೆ ನೋಡಿ. ಎಂಟು ಡೇಟಾ ದೀಪದಲ್ಲಿ ಎಡದಿಂದ ಐದನೇದು, ಆರನೇದು, ಎಂಟನೇದು ಹತ್ತಿರತ್ತೆ. ಹತ್ತಿದ್ದು 1, ಆರಿದ್ದು 0 ಅಂತ ಓದಿದ್ರೆ 00001101, ಬೈನರಿ ಲೆಕ್ಕದಲ್ಲಿ ಅಂದ್ರೆ 13. ಆದೇಶ ಕೊಟ್ವಿ, ನೆನಪಿಟ್ಕೊಳ್ತು, ಲೆಕ್ಕ ಮಾಡ್ತು, ಉತ್ತರ ತೋರಿಸ್ತು, ಆದೇಶ ಬದಲಾಯಿಸಿದ್ರೆ ಬೇರೆ ಕೆಲಸ ಮಾಡತ್ತೆ, ಇನ್ನೇನು ಬೇಕ್ರೀ ಕಂಪ್ಯೂಟರ್ ಅನ್ನಿಸ್ಕೊಳ್ಳೋಕೆ? ಕರೆಂಟ್ ಹೋದ್ರೆ ಅಷ್ಟೂ ಅಳಿಸಿ ಹೋಗ್ತಿತ್ತು, ಮತ್ತೆ ಮೊದಲಿಂದ ಸ್ವಿಚ್ ಹಾಕ್ಬೇಕು, ಆ ಕಷ್ಟ ನಿಜ. ಟೆಲಿಟೈಪ್ (ಕೀಬೋರ್ಡ್ ಇರೋ, ಕಾಗದದ ಮೇಲೆ ಅಚ್ಚು ಹಾಕೋ ಯಂತ್ರ) ಜೋಡಿಸಿ, ಮೆಮೊರಿ ಜಾಸ್ತಿ ಮಾಡಿ, ಬಿಲ್ ಗೇಟ್ಸ್ ಮತ್ತೆ ಪಾಲ್ ಆಲೆನ್ ಬರೆದ ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹಾಕ್ಕೊಂಡೋರೂ ಇದ್ರು, ಆದ್ರೆ ಕಂಪ್ಯೂಟರ್ ಆಗಿದ್ದು ಅದರಿಂದ ಅಲ್ಲ, ಅದಕ್ಕೆ ಮುಂಚೇನೇ.

ಹಾಗಾದ್ರೆ ಸೌಂಡ್? ಇದನ್ನ ಯಾರೂ ಕೇಳಲ್ಲ, ನಂಗೆ ಮಾತ್ರ ಇದೇ ಭಾಗ ತುಂಬಾ ಇಷ್ಟ. ಸ್ಪೀಕರ್ ಇಲ್ಲದ ಈ ಮೆಷಿನ್ ಪಕ್ಕ ಒಂದು ಎಎಂ ರೇಡಿಯೋ ಇಟ್ರೆ ಅದರಲ್ಲಿ ಗೊರಗೊರ ಅಂತ ಸದ್ದು ಬರ್ತಿತ್ತು, ಸರ್ಕ್ಯೂಟ್ ಆನ್ ಆಫ್ ಆಗುವಾಗ ಹೊರಗೆ ಸೋರೋ ಸಿಗ್ನಲ್ ಅದು. ಸ್ಟೀವ್ ಡಾಂಪಿಯರ್ ಅನ್ನೋರು ಅದನ್ನೇ ಹಿಡ್ಕೊಂಡು 1975ರಲ್ಲಿ ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಲ್ಲಿ ಹಾಡು ನುಡಿಸಿ ತೋರಿಸಿದ್ರು. ಪ್ರೋಗ್ರಾಂ ಒಳಗೆ ಒಂದು ಲೂಪ್, ಅಂದ್ರೆ ಮತ್ತೆ ಮತ್ತೆ ಓಡೋ ಆದೇಶಗಳ ಸುತ್ತು, ಅದನ್ನ ಉದ್ದ ಮಾಡಿದ್ರೆ ಸ್ವರ ಇಳಿಯತ್ತೆ, ಗಿಡ್ಡ ಮಾಡಿದ್ರೆ ಏರತ್ತೆ.