ಕರೆಂಟ್ ಖಾಸಗಿಯವರ ಕೈಗೆ ಹೋದರೆ ಆರೋಗ್ಯಕ್ಕೇನು?

ಓದುಗರ ಪ್ರಶ್ನೆ: ವಿದ್ಯುತ್ ಸರಬರಾಜು ಖಾಸಗಿಯಾದರೆ ಬಿಲ್ ಜಾಸ್ತಿಯಾಗಬಹುದು, ಅದು ಅರ್ಥವಾಗುತ್ತದೆ. ಆದರೆ ಜನರ ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ?

ಲೈನ್ ಕಟ್ ಮಾಡುವ ಆ ಗಳಿಗೆಯಲ್ಲಿ ಸಂಬಂಧ ಕಣ್ಣಿಗೆ ಕಾಣುತ್ತದೆ. 2007ರ ಮೇ ತಿಂಗಳು, ನ್ಯೂಜಿಲೆಂಡ್‌ನ ಆಕ್ಲೆಂಡ್. ಕಾಯಿಲೆಯ ತಾಯಿಯೊಬ್ಬರು ಮನೆಯಲ್ಲಿ ಆಕ್ಸಿಜನ್ ಮೆಷಿನ್ ಹಾಕಿಕೊಂಡು ಉಸಿರಾಡುತ್ತಿದ್ದರು. ಬಿಲ್ ಬಾಕಿ 168 ಡಾಲರ್ ಚಿಲ್ಲರೆ. ಗುತ್ತಿಗೆ ಕೆಲಸಗಾರ ಬಂದು ಕರೆಂಟ್ ತೆಗೆದು ಹೋದ. ಮೆಷಿನ್ ನಿಂತಿತು. ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡರು. ಕರೆಂಟ್ ಹೋದ ಆತಂಕವೂ ಸಾವಿಗೆ ಸೇರಿಕೊಂಡಿತ್ತು ಎಂದು ವಿಚಾರಣೆಯಲ್ಲಿ ಹೇಳಲಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಆಕೆಗೆ ಕರೆಂಟ್ ಕೊಡುತ್ತಿದ್ದ ಆ ಕಂಪನಿ ಆಗ ಸರ್ಕಾರದ್ದೇ ಆಗಿತ್ತು! ಆದರೆ ಖಾಸಗಿ ಕಂಪನಿಯ ಹಾಗೆ ಲಾಭಕ್ಕೆ ನಡೆಯಬೇಕು ಅನ್ನುವುದು ಅಲ್ಲಿನ ಕಾನೂನು. ಹಾಗಾಗಿ ಸುಮ್ನೆ 'ಖಾಸಗಿ ಕೆಟ್ಟದ್ದು, ಸರ್ಕಾರಿ ಒಳ್ಳೆಯದು' ಎಂದು ನಾನು ಹೇಳಲಾರೆ. ಕರೆಂಟ್ ಬರೀ ಮಾರಾಟದ ಸರಕಾದಾಗ ಮನೆಯೊಳಗೆ ಯಾರಿದ್ದಾರೆ ಎಂದು ನೋಡುವವರು ಯಾರು? ನನ್ನ ಭಯ ಅದು.

ಬ್ರಿಟನ್‌ನಲ್ಲಿ 1990ರಲ್ಲೇ ವಿದ್ಯುತ್ ಖಾಸಗಿಯಾಯಿತು. ಬಾಕಿ ಉಳಿಸಿಕೊಂಡವರ ಮನೆಗೆ ಅಲ್ಲಿ ಪ್ರೀಪೇಯ್ಡ್ ಮೀಟರ್ ಕೂರಿಸುತ್ತಾರೆ. ದುಡ್ಡು ಮುಗಿದರೆ ದೀಪ ತಾನಾಗೇ ಆರುತ್ತದೆ. ಕಟ್ ಮಾಡಲು ಯಾರೂ ಬರಬೇಕಿಲ್ಲ, ಹಾಗಾಗಿ ಯಾರಿಗೂ ಗೊತ್ತೂ ಆಗುವುದಿಲ್ಲ. ಚಳಿಯಲ್ಲಿ ಹೀಟರ್ ಇಲ್ಲದೆ ವಯಸ್ಸಾದವರ ಎದೆ ಕಟ್ಟುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ, ಇನ್ನೂ ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲೇ ಕೆಡಬಹುದು. ಇಂಥ ಮೀಟರ್‌ಗಳನ್ನು ಬಲವಂತವಾಗಿ ಕೂರಿಸುವುದನ್ನು 2023ರಲ್ಲಿ ಕೆಲಕಾಲ ತಡೆಯಬೇಕಾಯಿತು.

ಇನ್ನೊಂದು ರಿಪೇರಿಯ ವಿಷಯ. ಲಾಭ ತೋರಿಸಬೇಕಾದಾಗ ಮೊದಲು ಮುಂದಕ್ಕೆ ಹೋಗುವ ಖರ್ಚು ಅದೇ ಅಲ್ವಾ? 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಖಾಸಗಿ ಕಂಪನಿಯೊಂದರ ಟವರ್‌ನಲ್ಲಿ, ಸುಮಾರು ನೂರು ವರ್ಷ ಸವೆದಿದ್ದ ಕಬ್ಬಿಣದ ಕೊಕ್ಕೆಯೊಂದು ಮುರಿಯಿತು. ತಂತಿ ಜೋತುಬಿದ್ದು ಕಿಡಿ ಹಾರಿತು. ಅದರಿಂದ ಹೊತ್ತಿದ ಕಾಡ್ಗಿಚ್ಚಿನಲ್ಲಿ 85 ಜನ ಸತ್ತರು. ಹೊಗೆ ದೂರದ ಸ್ಯಾನ್ ಫ್ರಾನ್ಸಿಸ್ಕೋದವರ ಶ್ವಾಸಕೋಶಕ್ಕೂ ಹೋಯಿತು.

ಖಾಸಗಿ ಬಂಡವಾಳದಿಂದ ಹೊಸ ಲೈನ್ ಬಂದು, ಸೀಮೆಎಣ್ಣೆ ಬುಡ್ಡಿಯ ಹೊಗೆ ತಪ್ಪಿದರೆ ಅದು ನಿಜವಾದ ಲಾಭವೇ. ಆದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಕೇಳಿ: ರೋಗಿ ಇರುವ ಮನೆಯ ಲೈನ್ ಕಟ್ ಮಾಡಬಾರದು ಎಂದು ಬರೆದಿದೆಯಾ? ಹಳೇ ತಂತಿಗಳನ್ನು ಪರೀಕ್ಷೆ ಮಾಡುವವರು ಯಾರು? ನಿಮ್ಮ ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇದ್ದರೆ, ವೈದ್ಯರ ಚೀಟಿಯ ಜೊತೆ ಕಂಪನಿಗೆ ಈಗಲೇ ಬರೆದು ತಿಳಿಸಿ, ಸ್ವೀಕೃತಿ ಪತ್ರ ಇಟ್ಟುಕೊಳ್ಳಿ.