ಭಾನುವಾರದ ಬಿಲ್ಲಿನಿಂದ ಬಂದ ಇಂಗ್ಲಿಷ್ ಮಾತುಗಳು

‘ಈ ಕಾಯ್ದೆಯಲ್ಲೊಂದು ಲೂಪ್‌ಹೋಲ್ ಇದೆ’ ಅಂತ ನಾವು ಕನ್ನಡದಲ್ಲೂ ಹೇಳುತ್ತೇವೆ, ಅಲ್ವಾ? ಈ ಲೂಪ್‌ಹೋಲ್ ಮೂಲದಲ್ಲಿ ಕೋಟೆ ಗೋಡೆಯ ಕಿಂಡಿ. ಹೊರಗಿನಿಂದ ನೋಡಿದರೆ ಬರೀ ಒಂದು ಸೀಳು. ಒಳಗಡೆ ಅಗಲ. ಹಾಗಾಗಿ ಒಳಗಿನ ಬಿಲ್ಲುಗಾರ ಆಚೀಚೆ ತಿರುಗಿ ಬಾಣ ಬಿಡಬಹುದು, ಹೊರಗಿನವನ ಬಾಣ ಒಳಗೆ ತೂರುವುದು ಕಷ್ಟ. ಕಾನೂನಿನಿಂದ ನುಣುಚಿಕೊಳ್ಳುವ ದಾರಿ ಎಂಬ ಅರ್ಥ ಬಂದದ್ದು 17ನೇ ಶತಮಾನದಲ್ಲಿ.

ಇಂಗ್ಲಿಷಿನಲ್ಲಿ ಬಿಲ್ಲುಬಾಣದ ಮಾತು ಇಷ್ಟೊಂದು ಯಾಕಿವೆ ಅಂದರೆ ಎಲ್ಲರೂ ಯುದ್ಧದ ಕಡೆ ಬೆರಳು ತೋರಿಸುತ್ತಾರೆ. 1346ರಲ್ಲಿ ಕ್ರೆಸಿ, 1415ರಲ್ಲಿ ಅಜಿಂಕೋರ್ಟ್: ಎರಡು ಕಡೆಯೂ ಇಂಗ್ಲಿಷರ ಉದ್ದಬಿಲ್ಲು ಫ್ರೆಂಚರನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ನಿಜ. ಆದರೆ ಈ ಮಾತುಗಳಲ್ಲಿ ಹೆಚ್ಚಿನವು ರಣರಂಗದವಲ್ಲ, ಊರಾಚೆಯ ಅಭ್ಯಾಸದ ಬಯಲಿನವು ಅಂತ ನನಗನ್ನಿಸುತ್ತದೆ. 1363ರಲ್ಲಿ ರಾಜ ಮೂರನೇ ಎಡ್ವರ್ಡ್ ಆಜ್ಞೆ ಹೊರಡಿಸಿದ. ಗಟ್ಟಿಮುಟ್ಟಾದ ಗಂಡಸರೆಲ್ಲ ರಜಾ ದಿನ ಬಿಲ್ಲುಬಾಣ ಹಿಡಿಯಬೇಕು. ಫುಟ್‌ಬಾಲ್, ಕೋಳಿ ಅಂಕ ಎಲ್ಲ ಬಂದ್!

ಬಯಲಿನ ತುದಿಯಲ್ಲೊಂದು ಮಣ್ಣಿನ ದಿಬ್ಬ, ಅದರ ಮೇಲೆ ಗುರಿ. ಆ ದಿಬ್ಬಕ್ಕೆ ‘ಬಟ್’ ಅಂತ ಹೆಸರು. ಊರವರೆಲ್ಲ ಸರದಿ ಮೇಲೆ ಅದಕ್ಕೇ ಹೊಡೆಯುತ್ತಿದ್ದರು. ಎಲ್ಲರ ತಮಾಷೆಗೂ ಸಿಕ್ಕಿಬೀಳುವ ಪಾಪದವನನ್ನು ‘ಬಟ್ ಆಫ್ ಜೋಕ್ಸ್’ ಅನ್ನುವುದು ಇದರಿಂದಲೇ. ಪಂದ್ಯದ ಕೊನೆಯ ಬಾಣ ‘ಅಪ್‌ಶಾಟ್’. ಈಗ ಅದು ಗಂಟೆಗಟ್ಟಲೆ ಮೀಟಿಂಗ್ ನಡೆದು ಕೊನೆಗೆ ಆಗಿದ್ದೇನು ಎಂಬುದಕ್ಕೆ ಹೆಸರು. ಹೆದೆ ಕಡಿದರೆ ಇರಲಿ ಅಂತ ಇನ್ನೊಂದು ಇಟ್ಟುಕೊಳ್ಳುತ್ತಿದ್ದರಿಂದ ‘ಟು ಸ್ಟ್ರಿಂಗ್ಸ್ ಟು ಯುವರ್ ಬೋ’, ಅಂದರೆ ಒಂದು ಕೈಕೊಟ್ಟರೆ ಇನ್ನೊಂದು ದಾರಿ ಇರುವುದು. ನೆಟ್ಟಗೆ ಕೂತವನಿಗೆ ಹೇಳುವ ‘ಬೋಲ್ಟ್ ಅಪ್‌ರೈಟ್’ನಲ್ಲಿರುವ ಬೋಲ್ಟ್ ಕೂಡ ಬಾಗಿಲ ಚಿಲಕವಲ್ಲ, ಕ್ರಾಸ್‌ಬೋ ಎಂಬ ಅಡ್ಡಬಿಲ್ಲಿನ ಗಿಡ್ಡ ಬಾಣ.

ಈ ಅಭ್ಯಾಸ ಸುಮ್ನೆ ಹೊತ್ತು ಕಳೆಯುವ ಆಟವಾಗಿರಲಿಲ್ಲ. 1545ರಲ್ಲಿ ಮುಳುಗಿದ ‘ಮೇರಿ ರೋಸ್’ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿದ್ದ ಸಾಮಾನಿನ ಪೈಕಿ 137 ಇಡೀ ಬಿಲ್ಲುಗಳು, 3,500ಕ್ಕೂ ಜಾಸ್ತಿ ಬಾಣಗಳು ಸಿಕ್ಕವು. ಬಿಲ್ಲುಗಳು ಆಳುದ್ದಕ್ಕಿಂತ ಎತ್ತರ. ಕೆಲವು ಅಸ್ಥಿಪಂಜರಗಳಲ್ಲಿ ಹೆಗಲಿನ ಮೂಳೆಯ ತುದಿ ಉಳಿದ ಮೂಳೆಗೆ ಕೂಡಿಕೊಂಡೇ ಇರಲಿಲ್ಲ. ಚಿಕ್ಕಂದಿನಿಂದ ಬಿಲ್ಲೆಳೆದದ್ದರ ಗುರುತಿರಬಹುದು ಅನ್ನುತ್ತಾರೆ ತಜ್ಞರು.

‘ಟಾಕ್ಸಿಕ್’ ಮಾತ್ರ ಈ ಬಯಲಿನದಲ್ಲ, ಇನ್ನೂ ಹಳೆಯದು. ಗ್ರೀಕರಿಗೆ ‘ಟಾಕ್ಸಾನ್’ ಅಂದರೆ ಬಿಲ್ಲು. ಬಾಣದ ಮೊನೆಗೆ ಸವರುವ ವಿಷಕ್ಕೆ ಅದರಿಂದಲೇ ಹೆಸರು ಬಂತು. ಆಮೇಲೆ ಬಿಲ್ಲು ಮರೆತುಹೋಗಿ ವಿಷ ಮಾತ್ರ ಉಳಿಯಿತು. ಈಗ ಬಾಸ್‌ಗಳಿಗೂ ಅದೇ ಬಿರುದು.

ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಕಥೆ. ಇಂಗ್ಲಿಷರು ಎರಡು ಬೆರಳೆತ್ತಿ ಅಣಕಿಸುವುದು ಅಜಿಂಕೋರ್ಟ್‌ನಿಂದ ಬಂತಂತೆ, ಸೆರೆ ಸಿಕ್ಕ ಬಿಲ್ಲುಗಾರರ ಬೆರಳನ್ನು ಫ್ರೆಂಚರು ಕತ್ತರಿಸುತ್ತಿದ್ದರಂತೆ, ಗೆದ್ದ ಇಂಗ್ಲಿಷರು ನಮ್ಮ ಬೆರಳು ಇನ್ನೂ ಇವೆ ಅಂತ ಎತ್ತಿ ತೋರಿಸಿದರಂತೆ. ಆ ಯುದ್ಧದಲ್ಲಿ ಫ್ರೆಂಚರ ಕಡೆಯಿದ್ದ ಚರಿತ್ರಕಾರನೊಬ್ಬ ಬೆರಳು ಕತ್ತರಿಸುವ ಬೆದರಿಕೆಯ ಮಾತು ಬರೆದಿದ್ದಾನೆ, ಅದೂ ಇಂಗ್ಲಿಷ್ ರಾಜ ತನ್ನವರನ್ನು ಹುರಿದುಂಬಿಸಲು ಆಡಿದ ಭಾಷಣದಲ್ಲಿ. ಗೆದ್ದವರು ಬೆರಳೆತ್ತಿ ತೋರಿಸಿದರು ಅಂತ ಅವನು ಎಲ್ಲೂ ಬರೆದಿಲ್ಲ. ಅವನ ಲೆಕ್ಕದಲ್ಲಿ ಬೆರಳೂ ಎರಡಲ್ಲ, ಮೂರು.